ಬಿಸಿ ಆರುವ ಮೊದಲು

ಆಲ್ದೂರಿನಲ್ಲಿ ಕಾಫಿಗೆ ನಿಂತಿದ್ದು ಹೆಚ್ಚೆಂದರೆ ಹದಿನೈದು ನಿಮಿಷ. ಜನವರಿ ತಿಂಗಳು, ಸಂಜೆ ಆರೂವರೆ ಆಗಿತ್ತು. ಚಿಕ್ಕಮಗಳೂರಿನಲ್ಲಿ ಅಪ್ಪನ ಉಬ್ಬಸಕ್ಕೆ ಡಾಕ್ಟರಿಗೆ ತೋರಿಸಿಕೊಂಡು ಮೂಡಿಗೆರೆ ಹತ್ತಿರದ ನಮ್ಮ ಮನೆಗೆ ಹೊರಟಿದ್ದೆವು. ಅಪ್ಪ ಜೀಪಿನಿಂದ ಇಳಿಯಲಿಲ್ಲ. ಶಾಲು ಹೊದ್ದು ಮುಂದಿನ ಸೀಟಿನಲ್ಲೇ ಕೂತು ಕಾಫಿ ಕುಡಿದರು. ನಾನು ಲೋಟ ವಾಪಸ್ ಕೊಟ್ಟು ಬಂದು ಕೀ ತಿರುಗಿಸಿದೆ. ಸೆಲ್ಫ್ ಗಟ್ಟಿಯಾಗಿಯೇ ಹೊಡೆಯಿತು. ಇಂಜಿನ್ ಮಾತ್ರ ಹಿಡಿಯಲಿಲ್ಲ.

ಇನ್ನೊಮ್ಮೆ ಹೊಡೆದೆ. ಮತ್ತೊಮ್ಮೆ. ಬ್ಯಾಟರಿ ಇಳಿದುಹೋದೀತು ಅಂತ ಬಿಟ್ಟೆ. ಬಾನೆಟ್ ಎತ್ತಿ ಮೊಬೈಲ್ ಲೈಟ್ ಹಾಕಿ ನೋಡಿದರೆ ಎಲ್ಲೂ ಸೋರಿಲ್ಲ, ಯಾವ ವೈರೂ ಕಳಚಿಲ್ಲ. ಮುಂದೆ ರಸ್ತೆ ಏರು, ತಳ್ಳುವ ಹಾಗೂ ಇಲ್ಲ. ಚಳಿ ಏರುತ್ತಿತ್ತು. ಅಪ್ಪನ ಕೆಮ್ಮೂ ಏರುತ್ತಿತ್ತು. ಒಂದು ಗಂಟೆಗೂ ಮೇಲೆ ಹಾಗೆಯೇ ಕೂತೆವು. ಕೊನೆಗೆ ಏನೂ ಮಾಡದೆ, ಸುಮ್ನೆ ಕೀ ತಿರುಗಿಸಿದೆ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಜೀಪಿನ ಮೇಲೆಲ್ಲ ಇಬ್ಬನಿ. ಇಂಜಿನ್ ಒಳಗಿನ ಗಾಳಿ ಬಿಸಿ ಮಾಡುವ ಹೀಟರ್ ಪ್ಲಗ್ ಕಾಯಿಸಿ ಕೀ ತಿರುಗಿಸಿದರೆ ಅರ್ಧ ಸೆಲ್ಫ್‌ಗೇ ಹಿಡಿದುಕೊಂಡಿತು. ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ನಾಲ್ಕು ಸಲ ಆಫ್ ಮಾಡಿ ನಾಲ್ಕು ಸಲ ಸ್ಟಾರ್ಟ್ ಮಾಡಿದರು. ನಾಲ್ಕು ಸಲವೂ ಸ್ಟಾರ್ಟ್ ಆಯಿತು. 'ಗಾಡಿ ಚೆನ್ನಾಗಿದೆಯಲ್ಲ' ಅಂದರು. ಅವರು ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ಗಾಡಿ ನಿಜವಾಗಿಯೂ ಚೆನ್ನಾಗಿತ್ತು.

ಇಂಥ ತೊಂದರೆಯ ಕಷ್ಟವೇ ಇದು. ದಿನಾ ಸಂಜೆ ಬರುವ ಜ್ವರದ ಹಾಗೆ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಥರ್ಮಾಮೀಟರ್ ಇಟ್ಟರೆ ಏನೂ ಇರುವುದಿಲ್ಲ. ಕೆಟ್ಟು ನಿಂತ ಗಾಡಿಯನ್ನು ಯಾರು ಬೇಕಾದರೂ ನೋಡಬಹುದು. ಬಿಸಿಯಾದಾಗ ಮಾತ್ರ ಕೆಡುವ ಗಾಡಿಯನ್ನು ಮೆಕ್ಯಾನಿಕ್ ಮುಟ್ಟುವ ಹೊತ್ತಿಗೆ ಅದು ತಣ್ಣಗಾಗಿ ತಾನಾಗಿಯೇ ಸರಿಹೋಗಿರುತ್ತದೆ. ಆಮೇಲೆ ಉಳಿಯುವುದು ಊಹೆ. ಊಹೆಗೆ ದುಡ್ಡು ಬೇಕು.

ನಮ್ಮದು ಅಪ್ಪ 1998ರಲ್ಲಿ ಕೊಂಡ ಡೀಸೆಲ್ ಜೀಪು. ಮುಂದಿನ ಐದು ವಾರದಲ್ಲಿ ಅದಕ್ಕೆ ಹೊಸ ಬ್ಯಾಟರಿ ಬಂತು. ಸೆಲ್ಫ್ ಮೋಟಾರ್ ಬಿಚ್ಚಿ ಬುಷ್, ಕಾರ್ಬನ್ ಬದಲಾಯಿಸಿದ್ದಾಯಿತು. ಹೀಟರ್ ಪ್ಲಗ್ ನಾಲ್ಕೂ ಹೊಸವು. ಡೀಸೆಲ್ ಫಿಲ್ಟರ್ ಹೊಸದು. ಹದಿಮೂರು ಸಾವಿರ ದಾಟಿತು. ಪ್ರತಿ ಸಲ ಗ್ಯಾರೇಜಿನಿಂದ ಖುಷಿಯಾಗಿ ಹೊರಟು, ಎಲ್ಲೋ ಒಂದು ಕಡೆ ಹದಿನೈದು ನಿಮಿಷ ನಿಂತು, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಕೊಯ್ಲಿನ ಕಾಲ ಬೇರೆ. ರೊಬಸ್ಟಾ ಹಣ್ಣಾಗಿತ್ತು. ಕೆಲಸದವರನ್ನು ಕರೆತರಬೇಕು, ಮೂಟೆ ಸಾಗಿಸಬೇಕು. ಎಲ್ಲಿ ಹೋದರೂ ಇಂಜಿನ್ ಆಫ್ ಮಾಡಲು ಭಯ. ಬ್ಯಾಂಕಿನ ಮುಂದೆಯೂ ಇಂಜಿನ್ ಓಡುತ್ತಲೇ ಇರುತ್ತಿತ್ತು.

ಒಂದು ದಿನ ರಾತ್ರಿ ಹಳೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆ ತೆಗೆದು ಬರೆಯಲು ಶುರು ಮಾಡಿದೆ. ಎಷ್ಟು ದೂರ ಓಡಿಸಿದ ಮೇಲೆ ನಿಲ್ಲಿಸಿದೆ, ಎಷ್ಟು ಹೊತ್ತು ನಿಂತಿತ್ತು, ಸ್ಟಾರ್ಟ್ ಆಯಿತೇ ಇಲ್ಲವೇ, ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಹೊಗೆ ಕಂಡಿತೇ. ಹತ್ತು ದಿನ ಬರೆದೆ. ಆ ಹಾಳೆ ಹದಿಮೂರು ಸಾವಿರದ ಸಾಮಾನಿಗಿಂತ ಜಾಸ್ತಿ ಹೇಳಿತು.

ಎರಡು ಮೂರು ನಿಮಿಷ ನಿಲ್ಲಿಸಿದರೆ ತಕರಾರಿಲ್ಲ. ಹತ್ತರಿಂದ ನಲವತ್ತು ನಿಮಿಷದ ನಡುವೆ ಸ್ಟಾರ್ಟ್ ಆಗುವುದಿಲ್ಲ. ಒಂದೂವರೆ ಗಂಟೆ ದಾಟಿದರೆ ಮತ್ತೆ ಸರಿ. ಆಗದೇ ಇದ್ದ ಸಲವೆಲ್ಲ ಸೈಲೆನ್ಸರಿನಲ್ಲಿ ಹೊಗೆಯ ಎಳೆಯೂ ಇಲ್ಲ.

ಹತ್ತು ನಿಮಿಷದ ಲೆಕ್ಕ ಮೊದಲು ವಿಚಿತ್ರ ಅನ್ನಿಸಿತು. ಆಫ್ ಮಾಡಿದ ಕೂಡಲೇ ಅಲ್ವಾ ಇಂಜಿನ್ ಅತಿ ಬಿಸಿ ಇರುವುದು? ಆಮೇಲೆ ಅಡುಗೆಮನೆಯಲ್ಲಿ ಅಮ್ಮ ಮಣ್ಣಿನ ಮಡಕೆಯನ್ನು ಒಲೆಯಿಂದ ಇಳಿಸಿದ್ದು ನೋಡಿದೆ. ಒಲೆ ಬಿಟ್ಟ ಮೇಲೂ ಸಾರು ಕುದಿಯುತ್ತಲೇ ಇತ್ತು. ಇಂಜಿನ್ನೂ ಹಾಗೆಯೇ. ಓಡುವಾಗ ನೀರು ಸುತ್ತುತ್ತದೆ, ಫ್ಯಾನ್ ತಿರುಗುತ್ತದೆ, ಬಾನೆಟ್ ಒಳಗೆ ಗಾಳಿ ಆಡುತ್ತದೆ. ಟ್ಯಾಂಕಿನಿಂದ ಬರುವ ತಣ್ಣನೆ ಡೀಸೆಲ್, ಅದನ್ನು ಒತ್ತಿ ಇಂಜಿನ್ನಿಗೆ ಕಳಿಸುವ ಪಂಪಿನ ಒಳಗೆ ಹರಿದು ಅದರ ಬಿಸಿಯನ್ನು ತೊಳೆದುಕೊಂಡು ಹೋಗುತ್ತದೆ. ಆಫ್ ಮಾಡಿದರೆ ಇದೆಲ್ಲ ಒಮ್ಮೆಲೇ ನಿಲ್ಲುತ್ತದೆ. ಕಬ್ಬಿಣದ ಬ್ಲಾಕಿನಲ್ಲಿ ತುಂಬಿರುವ ಬಿಸಿ ಅದಕ್ಕೆ ಅಂಟಿಕೊಂಡಿರುವ ಸಾಮಾನಿಗೆಲ್ಲ ಹರಡುತ್ತದೆ. ಅದಕ್ಕೇ ನಿಂತು ಕಾಲು ಗಂಟೆಯಾದ ಮೇಲೆ ಡೀಸೆಲ್ ಪಂಪ್ ಓಡುವಾಗ ಇದ್ದುದಕ್ಕಿಂತ ಬಿಸಿಯಾಗಿರುತ್ತದೆ.

ಇನ್ನು ಹೊಗೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊಡೆಯುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸುತ್ತಾರೆ, ಆ ಬಿಸಿಗೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಡೀಸೆಲ್ ಒಳಗೆ ಹೋಗಿಯೂ ಹೊತ್ತಿಕೊಳ್ಳದಿದ್ದರೆ ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಬಿಳಿ ಹೊಗೆ ಬರಬೇಕು. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಲೇ ಇಲ್ಲ. ಬ್ಯಾಟರಿ, ಸೆಲ್ಫ್, ಹೀಟರ್ ಪ್ಲಗ್ ಅಂತ ನಾವು ಹುಡುಕಿದ್ದೆಲ್ಲ ಬೇರೆ ಕಡೆ.

ನಿಜ ಹೇಳಬೇಕೆಂದರೆ ಬೆಳಗಿನ ಅರ್ಧ ಸೆಲ್ಫೇ ದೊಡ್ಡ ಸಾಕ್ಷಿ ಆಗಿತ್ತು. ಹೀಟರ್ ಪ್ಲಗ್ ಸತ್ತಿದ್ದರೆ ತೊಂದರೆ ಕೊಡುವುದು ಚಳಿಯ ಬೆಳಿಗ್ಗೆ, ಬಿಸಿ ಇಂಜಿನ್ನಿಗೆ ಅದರ ಅಗತ್ಯವೇ ಕಡಿಮೆ. ಕಂಪ್ರೆಷನ್, ಅಂದರೆ ಗಾಳಿಯನ್ನು ಒತ್ತುವ ಬಲ, ಇಳಿದಿದ್ದರೂ ಮೊದಲು ಕಾಡುವುದು ಬೆಳಿಗ್ಗೆಯೇ. ಡೀಸೆಲ್ ಪೈಪ್ ಎಲ್ಲೋ ಗಾಳಿ ಎಳೆಯುತ್ತಿದ್ದರೆ ರಾತ್ರಿಯೆಲ್ಲ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದು, ಬೆಳಿಗ್ಗೆ ಡೀಸೆಲ್ ಮತ್ತೆ ಮೇಲೆಳೆಯಲು ಹ್ಯಾಂಡ್ ಪಂಪ್ ಒತ್ತಿ ಒತ್ತಿ ಬೆರಳು ನೋಯಬೇಕಿತ್ತು. ಗಾಡಿ ಯಾವಾಗ ಕೆಡುತ್ತದೆ ಅಂತ ಎಲ್ಲರೂ ಕೇಳುತ್ತೇವೆ. ಯಾವಾಗ ಕೆಡುವುದಿಲ್ಲ ಅಂತಲೂ ಕೇಳಬೇಕಿತ್ತು.

ಟೀ ಅಂಗಡಿಯಲ್ಲಿ ಸಿಕ್ಕವರು 'ಈಗಿನ ಡೀಸೆಲ್ಲೇ ಸರಿ ಇಲ್ಲ, ನೀರಿನ ಹಾಗಿದೆ' ಅನ್ನುತ್ತಿದ್ದರು. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಗಂಧಕ ಬಹಳ ಕಡಿಮೆ ಇರುವ ಡೀಸೆಲ್ ಬರುತ್ತಿರುವುದು ನಿಜ, ಹತ್ತು ಲಕ್ಷದಲ್ಲಿ 10 ಭಾಗದ ಮಿತಿ. ಗಂಧಕ ತೆಗೆಯುವಾಗ ಡೀಸೆಲ್ಲಿನ ಜಿಡ್ಡಿನ ಗುಣವೂ ಸ್ವಲ್ಪ ಹೋಗುತ್ತದೆ. ಆದರೆ ಅದಕ್ಕಾಗಿಯೇ ಬೇರೆ ರಾಸಾಯನಿಕ ಬೆರೆಸಿ ಜಿಡ್ಡನ್ನು ಸರಿದೂಗಿಸಿ ಬಂಕಿಗೆ ಕಳಿಸುತ್ತಾರೆ. ಹಾಗಾಗಿ ಡೀಸೆಲ್ಲೇ ಕಾರಣ ಅನ್ನುವ ಮಾತನ್ನು ನಾನು ಒಪ್ಪಲಿಲ್ಲ. ಅದೇ ಬಂಕಿನ ಡೀಸೆಲ್ ಹಾಕಿಸಿಕೊಂಡು ಊರಿನ ಉಳಿದ ಹಳೆಯ ಜೀಪುಗಳು ಓಡುತ್ತಲೇ ಇದ್ದವು.

ಹಾಸನದಲ್ಲಿ ಡೀಸೆಲ್ ಪಂಪ್ ರಿಪೇರಿ ಮಾಡುವ ಒಬ್ಬ ಹಿರಿಯ ಮೇಸ್ತ್ರಿಯ ನಂಬರ್ ಸಿಕ್ಕಿತು. ಫೋನಿನಲ್ಲಿ ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. 'ಬಿಸಿ ಇದ್ದಾಗ ತಳ್ಳಿದರೆ ಸ್ಟಾರ್ಟ್ ಆಗುತ್ತಾ?'

ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಅಪ್ಪ ಕೇಳಿಸಿಕೊಂಡು, 'ಆಗುತ್ತೆ ಅನ್ನು. ಇಳಿಜಾರಲ್ಲಿ ಬಿಟ್ಟರೆ ಒಂದು ಜರ್ಕ್‌ಗೇ ಆಗುತ್ತೆ' ಅಂದರು.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಎಲ್ಲಿ ಹೋದರೂ ಜೀಪನ್ನು ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದರು. ಮೂಡಿಗೆರೆ ಪೇಟೆಯಲ್ಲಿ ಅಂಗಡಿ ಮುಂದೆ ಜಾಗ ಇದ್ದರೂ ಬಿಟ್ಟು, ಮೇಲೆ ಹೋಗಿ ಇಳುಕಲಿನಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದರು. ಮಲೆನಾಡಿನಲ್ಲಿ ಹಳೆಯ ಗಾಡಿ ಇಟ್ಟುಕೊಂಡವರೆಲ್ಲ ಹಾಗೆಯೇ. ಅದು ಹಳೆ ಕಾಲದ ಅಭ್ಯಾಸ ಅಂತ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಈಗ ಕೇಳಿದರೆ, ನಾಲ್ಕೈದು ವರ್ಷದಿಂದಲೇ ಬಿಸಿಯಲ್ಲಿ ಸ್ವಲ್ಪ ಸತಾಯಿಸುತ್ತಿತ್ತಂತೆ. ಇಳಿಜಾರು ಇದ್ದುದರಿಂದ ಯಾವತ್ತೂ ಕೈಕೊಟ್ಟಿರಲಿಲ್ಲ. ಉಬ್ಬಸ ಜಾಸ್ತಿಯಾಗಿ ಅಪ್ಪ ಸ್ಟಿಯರಿಂಗ್ ಬಿಟ್ಟರು, ನಾನು ಹಿಡಿದೆ. ನಾನು ಜಾಗ ಸಿಕ್ಕಲ್ಲಿ ನಿಲ್ಲಿಸಿದೆ. ರೋಗ ಆಲ್ದೂರಿನಲ್ಲಿ ಶುರುವಾಗಿದ್ದಲ್ಲ. ಅಪ್ಪ ಅದರ ಜೊತೆ ಬಾಳುವುದನ್ನು ಕಲಿತಿದ್ದರು, ಅಷ್ಟೇ.

ಮೇಸ್ತ್ರಿ ಫೋನಿನಲ್ಲಿ, 'ಹಾಗಾದರೆ ಬಿಸಿ ಬಿಸಿಯಾಗಿಯೇ ತಗೊಂಡು ಬನ್ನಿ. ಬರೋ ದಾರೀಲಿ ಒಂದು ಟವೆಲ್, ಒಂದು ಕ್ಯಾನ್ ನೀರು ಇಟ್ಟುಕೊಳ್ಳಿ' ಅಂದರು. ಏನು ಮಾಡಬೇಕು ಅಂತ ಒಂದೊಂದಾಗಿ ಹೇಳಿಕೊಟ್ಟರು.

ಬೇಲೂರು ದಾಟಿ ಹಾಸನದ ರಸ್ತೆಯಲ್ಲಿ ಒಂದು ಹುಣಸೆ ಮರದ ಕೆಳಗೆ ಜೀಪು ನಿಲ್ಲಿಸಿ ಆಫ್ ಮಾಡಿದೆ. ಫೆಬ್ರವರಿ ಮಧ್ಯಾಹ್ನದ ಬಿಸಿಲು. ಬಾನೆಟ್ ಮುಚ್ಚಿಯೇ ಇಟ್ಟು ಇಪ್ಪತ್ತು ನಿಮಿಷ ಕಾದೆ. ಜೊತೆಗೆ ಬಂದಿದ್ದ ತಮ್ಮ ಕೀ ತಿರುಗಿಸಿದ. ಆಗಲಿಲ್ಲ. ಅವತ್ತು ಮೊದಲ ಸಲ, ಅದು ಸ್ಟಾರ್ಟ್ ಆಗದೇ ಇದ್ದುದಕ್ಕೆ ನನಗೆ ಸಮಾಧಾನ ಆಯಿತು.

ಮೊದಲು ಕಟಾಫ್ ಸೊಲೆನಾಯ್ಡ್. ಕೀ ಆನ್ ಮಾಡಿದಾಗ ಕರೆಂಟ್ ಬಂದು ಡೀಸೆಲ್ ದಾರಿ ತೆರೆಯುವ ಸಾಮಾನು ಅದು. ಒಳಗಿನ ಸುರುಳಿ ಬಿಸಿಗೆ ಸೋತರೆ ದಾರಿ ತೆರೆಯುವುದೇ ಇಲ್ಲ, ಆಗಲೂ ಇದೇ ಲಕ್ಷಣ. ಬೆರಳಿಟ್ಟು ತಮ್ಮನಿಗೆ ಕೀ ಆನ್ ಆಫ್ ಮಾಡಲು ಹೇಳಿದೆ. ಟಕ್, ಟಕ್. ಬೆರಳಿಗೆ ಸ್ಪಷ್ಟವಾಗಿ ತಾಗಿತು. ಅದು ಸರಿ ಇದೆ. ಆಮೇಲೆ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗೆ ಹೋಗುವ ಒಂದು ಪೈಪಿನ ನಟ್ಟನ್ನು ಒಂದು ಸುತ್ತು ಸಡಿಲ ಮಾಡಿ, ಕೈ ದೂರ ಇಟ್ಟುಕೊಂಡು, ಸೆಲ್ಫ್ ಹೊಡೆಸಿದೆ. ಕೈ ದೂರ ಅಂದಿದ್ದು ಯಾಕೆಂದರೆ, ಆ ಪೈಪಿನ ಒತ್ತಡಕ್ಕೆ ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗಬಲ್ಲದು. ನಮಗೆ ಹೇಳಿಕೊಡುವವರು ಇದನ್ನೂ ಹೇಳಬೇಕು. ನಟ್ಟಿನ ಬಾಯಲ್ಲಿ ಡೀಸೆಲ್ ಚಿಮ್ಮಲಿಲ್ಲ. ಸುಮ್ನೆ ಒಸರಿತು. ಅಳುವವರ ಕಣ್ಣಂಚಿನಲ್ಲಿ ನೀರು ನಿಂತ ಹಾಗೆ ಒಂದು ಹನಿ ಮೂಡಿ, ಸ್ವಲ್ಪ ದಪ್ಪಗಾಗಿ, ಪೈಪಿನ ಮೇಲೆ ಜಾರಿತು.

ನಟ್ಟು ಬಿಗಿ ಮಾಡಿ, ಟವೆಲ್ ಒದ್ದೆ ಮಾಡಿ ಪಂಪಿಗೆ ಸುತ್ತಿದೆ. ಚುಯ್ ಅಂತ ಸಣ್ಣ ಸದ್ದು. ಟವೆಲ್ಲಿನಿಂದ ಹಬೆ ಎದ್ದು ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. ಒಂದು ನಿಮಿಷದಲ್ಲೇ ಟವೆಲ್ ಬೆಚ್ಚಗಾಯಿತು. ಮತ್ತೆ ಅದ್ದಿ ಹಿಂಡಿ ಸುತ್ತಿದೆ. ಹೀಗೆ ಎಂಟು ಹತ್ತು ಸಲ. ನೀರನ್ನು ನೇರವಾಗಿ ಸುರಿಯಬೇಡಿ ಅಂತ ಮೇಸ್ತ್ರಿ ಒತ್ತಿ ಹೇಳಿದ್ದರು. ಅದೂ ಇಂಜಿನ್ ಓಡುತ್ತಿರುವಾಗ ಸುರಿಯಲೇಬಾರದು. ಹೊರಗಿನ ಕವಚ ಒಮ್ಮೆಲೇ ಕುಗ್ಗಿ ಒಳಗೆ ತಿರುಗುವ ರೋಟರನ್ನು ಕಚ್ಚಿ ಹಿಡಿದರೆ ಪಂಪಿನ ಕತೆ ಅಲ್ಲಿಗೇ ಮುಗಿಯುತ್ತದೆ.

ಹತ್ತು ನಿಮಿಷದ ಮೇಲೆ ಪಂಪಿನ ಮೇಲೆ ಅಂಗೈ ಇಟ್ಟೆ. ಮುಟ್ಟುವಷ್ಟು ತಣ್ಣಗಾಗಿತ್ತು. ಇಂಜಿನ್ ಬ್ಲಾಕ್ ಇನ್ನೂ ಸುಡುತ್ತಿತ್ತು, ಟೆಂಪರೇಚರ್ ಮುಳ್ಳು ಕೆಳಗಿಳಿದಿರಲಿಲ್ಲ. ಪಂಪ್ ಒಂದನ್ನು ಬಿಟ್ಟು ಬೇರೆ ಯಾವುದನ್ನೂ ನಾವು ತಣ್ಣಗೆ ಮಾಡಿರಲಿಲ್ಲ. ತಮ್ಮ ಕೀ ತಿರುಗಿಸಿದ. ಎರಡನೇ ಸುತ್ತಿಗೆ ಇಂಜಿನ್ ಹಿಡಿಯಿತು.

ರಸ್ತೆ ಬದಿಯಲ್ಲಿ ಒದ್ದೆ ಟವೆಲ್ ಹಿಡಿದು ನಿಂತಿದ್ದ ನನಗೆ ಗಂಟಲು ಕಟ್ಟಿತು. ಐದು ವಾರ ಎಲ್ಲಿದೆ ಅಂತಲೇ ಗೊತ್ತಿಲ್ಲದ ತೊಂದರೆ, ಈಗ ಒಂದು ಗೇಣು ಜಾಗದಲ್ಲಿ ಸಿಕ್ಕಿತ್ತು.

ಹಾಸನದಲ್ಲಿ ಮೇಸ್ತ್ರಿ ಪಂಪ್ ಇಳಿಸಿ ಬಿಚ್ಚಿದರು. ಇದು ರೋಟರಿ ಪಂಪ್. ನಾಲ್ಕು ಸಿಲಿಂಡರಿಗೂ ಸೇರಿ ಒಂದೇ ರೋಟರ್, ಅದು ತಿರುಗುತ್ತಾ ಒಂದೊಂದು ನಾಝಲ್‌ಗೂ ಸರದಿಯಲ್ಲಿ ಡೀಸೆಲ್ ಹಂಚುತ್ತದೆ. ಅಮೆರಿಕದ ವರ್ನನ್ ರೂಸಾ ಅನ್ನುವವರು ರೂಪಿಸಿದ ಈ ಮಾದರಿ 1950ರ ದಶಕದಲ್ಲಿ ಬಳಕೆಗೆ ಬಂತು. ಅಗ್ಗ, ಚಿಕ್ಕದು. ಹಾಗಾಗಿ ಟ್ರ್ಯಾಕ್ಟರ್, ಜೀಪುಗಳಿಗೆಲ್ಲ ಹರಡಿತು. ಬೇರೆ ಎಣ್ಣೆ ಇಲ್ಲದೆ, ತಾನು ಸಾಗಿಸುವ ಡೀಸೆಲ್ಲಿನ ಜಿಡ್ಡಿನಲ್ಲೇ ಅದು ಜಾರಬೇಕು. ರೋಟರಿಗೂ ಅದರ ಕವಚಕ್ಕೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಅಲ್ಲಿ ಯಾವ ರಬ್ಬರ್ ಸೀಲೂ ಇಲ್ಲ. ಸಂದು ಅಷ್ಟು ಸಣ್ಣದಿರುವುದೇ ಸೀಲು.

ಮೇಸ್ತ್ರಿ ರೋಟರನ್ನು ಒರೆಸಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನಿಧಾನವಾಗಿ ತಿರುಗಿಸಿದರು. ಕನ್ನಡಿಯ ಹಾಗೆ ಹೊಳೆಯುವ ಉಕ್ಕು, ಕಿರುಬೆರಳಿಗಿಂತ ಸ್ವಲ್ಪ ದಪ್ಪ. ಡೀಸೆಲ್ ಹೊರಡುವ ತೂತಿನ ಸುತ್ತ ಮಾತ್ರ ಹೊಳಪು ಸತ್ತಿತ್ತು. ಉಸಿರು ಬಿಟ್ಟ ಗಾಜಿನ ಹಾಗೆ ಮಂಕು. ಅದರೊಳಗೆ ಸಣ್ಣ ಸಣ್ಣ ಗೆರೆ. ಉಗುರಿನಿಂದ ಎಳೆದು ನೋಡಿದೆ, ಉಗುರಿಗೆ ಏನೂ ಸಿಗಲಿಲ್ಲ. ಕಣ್ಣಿಗೆ ಕಂಡರೂ ಕೈಗೆ ಸಿಗದ ಆ ಗೆರೆಗಳಲ್ಲಿ ಡೀಸೆಲ್ ಸೋರಿ ಹೋಗುತ್ತಿತ್ತು.

ಮೇಸ್ತ್ರಿ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ನಾಝಲ್ ಬಾಯಿ ತೆರೆಯಬೇಕಾದರೆ ಸುಮಾರು 200 ಬಾರ್ ಒತ್ತಡ ಬೇಕು. ಕಾರಿನ ಟೈರಿನಲ್ಲಿರುವ ಒತ್ತಡದ ನೂರು ಪಟ್ಟು. ಸೆಲ್ಫ್ ಹೊಡೆಯುವಾಗ ಇಂಜಿನ್ ನಿಮಿಷಕ್ಕೆ ಇನ್ನೂರು ಸುತ್ತಿನ ಹತ್ತಿರ, ಪಂಪ್ ಅದರ ಅರ್ಧ. ಅಷ್ಟು ನಿಧಾನವಾಗಿ ಒತ್ತಿದರೆ ಒತ್ತಡ ಏರುವ ಮೊದಲೇ ಡೀಸೆಲ್ ಗೆರೆಗಳ ಸಂದಿನಲ್ಲಿ ನುಸುಳಿಬಿಡುತ್ತದೆ. ಬೆಳಿಗ್ಗೆ ಡೀಸೆಲ್ ತಣ್ಣಗೆ, ಗಟ್ಟಿ, ನುಸುಳುವುದು ಕಡಿಮೆ. ಬಿಸಿಯಾದರೆ ಡೀಸೆಲ್ ತೆಳ್ಳಗಾಗುತ್ತದೆ. ಬಿಸಿ ಮಾಡಿದ ಜೋನಿ ಬೆಲ್ಲ ಹರಿಯುವುದಿಲ್ಲವೇ, ಹಾಗೆ. ಇಳಿಜಾರಿನಲ್ಲಿ ಬಿಟ್ಟರೆ ಇಂಜಿನ್ ಸೆಲ್ಫ್‌ಗಿಂತ ಜೋರಾಗಿ ತಿರುಗುತ್ತದೆ, ನುಸುಳಲು ಸಮಯವೇ ಸಿಗುವುದಿಲ್ಲ, ಒತ್ತಡ ಏರುತ್ತದೆ. ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ಓಡುವುದೂ ಅದಕ್ಕೇ. ಅವರು ಫೋನಿನಲ್ಲಿ ಕೇಳಿದ ಆ ಒಂದು ಪ್ರಶ್ನೆಯಲ್ಲಿ ಇದೆಲ್ಲ ಇತ್ತು.

ಸವೆದಿದ್ದು ಯಾಕೆ? ಇದನ್ನು ಬರೆಯಲೇಬೇಕು. ತೋಟದಲ್ಲಿ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲು ಡೀಸೆಲ್ ಇಂಜಿನ್ ಇದೆ. ಅದಕ್ಕೆ ಅಂತ ಶೆಡ್ಡಿನಲ್ಲಿ ಬ್ಯಾರೆಲ್ ಇಟ್ಟಿದ್ದೇವೆ. ಉಳಿದ ಡೀಸೆಲ್ ಮಳೆಗಾಲವೆಲ್ಲ ಅದರಲ್ಲೇ. ಅರ್ಧ ಖಾಲಿ ಬ್ಯಾರೆಲ್ಲಿನ ಒಳಗೋಡೆಗೆ ಮಲೆನಾಡಿನ ಥಂಡಿ ಹವೆ ಬೆವರಿ ನೀರಾಗುತ್ತದೆ, ತಳದಲ್ಲಿ ತುಕ್ಕಿನ ಕೆಸರು ಕೂರುತ್ತದೆ. ಬಂಕಿಗೆ ಹೋಗಲು ಬೇಜಾರಾದಾಗ ಜೀಪಿಗೂ ಅದನ್ನೇ ಪೈಪಿನಲ್ಲಿ ಎಳೆದು ಹಾಕುತ್ತಿದ್ದೆವು. ಫಿಲ್ಟರಿನ ಕೆಳಗೆ ನೀರು ಬಿಡುವ ತಿರುಪು ಇದೆ. ಅದನ್ನು ಬಿಚ್ಚಿ ಎಷ್ಟು ವರ್ಷವಾಯಿತು ಅಂತ ಅವತ್ತು ಯಾರಿಗೂ ನೆನಪಿರಲಿಲ್ಲ. ನೀರಿಗೆ ಜಿಡ್ಡಿಲ್ಲ. ತುಕ್ಕಿನ ಧೂಳು ಮರಳು ಕಾಗದದ ಕೆಲಸ ಮಾಡುತ್ತದೆ. ಈಗ ಬ್ಯಾರೆಲ್ ತೊಳೆಸಿ ಕವುಚಿ ಹಾಕಿದ್ದೇವೆ. ಬೇಕಾದಾಗ ಕ್ಯಾನಿನಲ್ಲಿ ತರುತ್ತೇವೆ.

ರೋಟರ್ ಮತ್ತು ಅದರ ಕವಚ ಜೋಡಿಯಾಗಿಯೇ ಬರುತ್ತವೆ, ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ, ಒಂದನ್ನೇ ಬದಲಾಯಿಸುವಂತಿಲ್ಲ. ಹೊಸ ಜೋಡಿ ಹಾಕಿ, ಟೆಸ್ಟ್ ಬೆಂಚಿನಲ್ಲಿ ಓಡಿಸಿ, ನಾಲ್ಕು ಗಾಜಿನ ಕೊಳವೆಯಲ್ಲಿ ಬೀಳುವ ಡೀಸೆಲ್ ಒಂದೇ ಮಟ್ಟಕ್ಕೆ ಬರುವವರೆಗೆ ಹೊಂದಿಸಿದರು. ಡೀಸೆಲ್‌ಗೆ ಸ್ವಲ್ಪ ಆಯಿಲ್ ಬೆರೆಸಿದರೆ ನಡೆಯುತ್ತದೆ ಅಂತ ಕೆಲವರು ಹೇಳಿದ್ದರಲ್ಲ, ಅಂತ ಕೇಳಿದೆ. ಸ್ವಲ್ಪ ದಿನ ನಡೆಯುತ್ತದೆ, ಸವೆತ ನಿಲ್ಲುವುದಿಲ್ಲ ಅಂದರು.

ಬಿಸಿಯಲ್ಲಿ ಸ್ಟಾರ್ಟ್ ಆಗದ ಗಾಡಿಗಳೆಲ್ಲ ಪಂಪಿನದೇ ತೊಂದರೆ ಅಂದುಕೊಳ್ಳಬೇಡಿ. ಪೆಟ್ರೋಲ್ ಕಾರಿನಲ್ಲಿ ಇದೇ ರೋಗಕ್ಕೆ ಕಾರಣಗಳೇ ಬೇರೆ. ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನ ಸುರುಳಿ ಬಿಸಿಗೆ ತುಂಡಾಗಬಹುದು, ಆಗ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಇಂಜೆಕ್ಟರ್ ಸೋರಿ ಒಳಗೆ ಪೆಟ್ರೋಲ್ ತುಂಬಿಕೊಳ್ಳಬಹುದು. ನೀರಿನ ಬಿಸಿ ಅಳೆಯುವ ಸೆನ್ಸರ್ ಕೆಟ್ಟು, ಬಿಸಿ ಇಂಜಿನ್ನಿಗೂ ಚಳಿಗೆ ಕೊಡುವಷ್ಟು ಪೆಟ್ರೋಲ್ ಕೊಡಿಸಬಹುದು. ನಮ್ಮ ಪಕ್ಕದ ಮನೆಯವರ ಬೈಕಿನಲ್ಲಿ ವಾಲ್ವ್ ಗ್ಯಾಪ್ ತೀರಾ ಬಿಗಿ ಇತ್ತು, ಬಿಸಿಗೆ ಹಿಗ್ಗಿ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ಅವರಿಗೂ ನಾನು ಹೇಳಿದ್ದು ಇಷ್ಟೇ. ಮೆಕ್ಯಾನಿಕ್ ಹತ್ತಿರ ಬಿಟ್ಟು ಬರಬೇಡಿ, ಅದು ಕೈಕೊಡುವ ಹೊತ್ತಿಗೆ ಅವರನ್ನು ಅಲ್ಲಿರುವ ಹಾಗೆ ಮಾಡಿ. ಸಂಜೆ ಹೊತ್ತಿಗೆ ಇಪ್ಪತ್ತು ಕಿಲೋಮೀಟರ್ ಓಡಿಸಿಕೊಂಡೇ ಗ್ಯಾರೇಜಿಗೆ ಹೋಗಿ, ಅವರ ಬಾಗಿಲಲ್ಲೇ ಆಫ್ ಮಾಡಿ, ಜೊತೆಗೆ ಕೂತು ಕಾಯಿರಿ.

ಕಳೆದ ವಾರ ಅಪ್ಪನಿಗೆ ಮತ್ತೆ ಚಿಕ್ಕಮಗಳೂರಿನಲ್ಲಿ ತೋರಿಸಬೇಕಿತ್ತು. ವಾಪಸ್ ಬರುವಾಗ ಆಲ್ದೂರಿನಲ್ಲಿ ಅದೇ ಅಂಗಡಿಯ ಮುಂದೆ ನಿಲ್ಲಿಸಿದೆ. ಬೇಕಂತಲೇ ಕಾಲು ಗಂಟೆ ಕಳೆದೆ. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಅಪ್ಪ ಏನೂ ಹೇಳಲಿಲ್ಲ, ಡ್ಯಾಶ್‌ಬೋರ್ಡ್ ಮೇಲೆ ಒಮ್ಮೆ ಅಂಗೈ ಇಟ್ಟು ತೆಗೆದರು.

ಮೂಡಿಗೆರೆಯಲ್ಲಿ ಔಷಧಿ ತೆಗೆದುಕೊಳ್ಳಬೇಕಿತ್ತು. ಅಂಗಡಿಯ ಎದುರಿಗೇ ಜಾಗ ಖಾಲಿ ಇತ್ತು. ಇಂಡಿಕೇಟರ್ ಹಾಕಿದೆ. ಅಪ್ಪ, 'ಸ್ವಲ್ಪ ಮೇಲೆ ಹೋಗು, ಇಳುಕಲಲ್ಲಿ ನಿಲ್ಲಿಸು' ಅಂದರು. ಮೇಲೆ ಹೋಗಿ, ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಔಷಧಿ ಚೀಟಿ ಹಿಡಿದು ನಡೆದು ಬಂದೆ.